ಕಾಳು ನೆನೆಸಿದ ನೀರು ಚೆಲ್ಲಬೇಕಾ, ಇಟ್ಟುಕೊಳ್ಳಬೇಕಾ? ಬೀಜ, ಬೇಳೆಗಳನ್ನು ಹದ ಮಾಡುವ ಕ್ರಮ

ಕೆಲವು ಪ್ರಶ್ನೆಗಳು ಓದುಗರಿಂದ ಮತ್ತೆ ಮತ್ತೆ ಬರುತ್ತಿವೆ. ರಾಗಿಯಲ್ಲಿ ಕಬ್ಬಿಣ ಇದ್ದರೂ ಮೈಗೆ ಹತ್ತುವುದಿಲ್ಲವಂತೆ, ಹೌದಾ? ಹುರುಳಿ ನೆನೆಸಿದ ನೀರಿನಲ್ಲೇ ಸಾರು ಮಾಡಬಹುದಾ? ಅಗಸೆಯಲ್ಲಿ ಸಯನೈಡ್ ಇದೆಯಂತಲ್ಲ, ಚಟ್ನಿಪುಡಿ ಬಿಟ್ಟುಬಿಡಬೇಕಾ?

ದಾವಣಗೆರೆ, ಚಿತ್ರದುರ್ಗದ ಕಡೆಯ ಊಟದಲ್ಲಿ ಮುಕ್ಕಾಲು ಪಾಲು ಬೀಜಗಳೇ. ಜಗಳೂರಿನ ಜೋಳ, ಹೊಸದುರ್ಗದ ರಾಗಿ ಮತ್ತು ಸಾವೆ, ಚಳ್ಳಕೆರೆಯ ಶೇಂಗಾ, ಭದ್ರಾ ಕಾಲುವೆ ನೀರಿನ ಅಕ್ಕಿ. ಜೊತೆಗೆ ತೊಗರಿ, ಹುರುಳಿ, ಅಲಸಂದೆ, ಅವರೆ. ಇಲ್ಲಿನವರು ಇದನ್ನು ಕೇಳದೆ ಇನ್ಯಾರು ಕೇಳಬೇಕು?

ಯಾವುದಕ್ಕೆ ಎಷ್ಟು ಹೆದರಬೇಕು

ಬೀಜ ಅಂದರೆ ನಾಳಿನ ಗಿಡ. ಮೊಳೆಯುವ ತನಕ ಅದಕ್ಕೆ ಬುತ್ತಿ ಬೇಕು, ಹುಳಹುಪ್ಪಟೆಗೆ ಸಿಗದಂತೆ ಕಾವಲೂ ಬೇಕು. ಬುತ್ತಿಯಲ್ಲಿ ಕಟ್ಟಿಟ್ಟ ರಂಜಕವೇ (ಫಾಸ್ಫರಸ್) ಫೈಟಿಕ್ ಆಮ್ಲ. ಕಾವಲಿಗೆ ಇಟ್ಟುಕೊಂಡವು ಲೆಕ್ಟಿನ್, ಟ್ಯಾನಿನ್ ಮುಂತಾದವು. ಬೀಜಕ್ಕೆ ಅನುಕೂಲವಾದ ಇವು ತಿನ್ನುವವರ ಪಚನಕ್ಕೆ ಅಡ್ಡ ಬರುತ್ತವೆ. ಎಲ್ಲಕ್ಕೂ ಸೇರಿಸಿ ಆಂಟಿ-ನ್ಯೂಟ್ರಿಯೆಂಟ್, ಅಂದರೆ ಪೋಷಕಾಂಶಕ್ಕೆ ಅಡ್ಡಿಯಾಗುವ ವಸ್ತು, ಅನ್ನುತ್ತಾರೆ. ತಪ್ಪು ಶುರುವಾಗುವುದು ಈ 'ಎಲ್ಲಕ್ಕೂ ಸೇರಿಸಿ' ಎನ್ನುವಲ್ಲೇ. ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಕೆಲವು ನಿಜವಾಗಿಯೂ ವಿಷ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಅಂಥದ್ದು. ಅದೇ ದಿನ ವಾಂತಿ ಮಾಡಿಸುತ್ತದೆ. ಆದರೆ ಸರಿಯಾಗಿ ಕುದಿಸಿದರೆ ಪೂರ್ತಿ ಕೆಲಸ ಕೆಡುತ್ತದೆ. ಸೋಯಾ, ಅವರೆಯಲ್ಲಿರುವ ಟ್ರಿಪ್ಸಿನ್ ತಡೆಗಳೂ ಬೆಂಕಿಗೆ ಬಗ್ಗುವವೇ. ಟ್ರಿಪ್ಸಿನ್ ಅಂದರೆ ಪ್ರೋಟೀನ್ ಅರಗಿಸುವ ನಮ್ಮ ಹೊಟ್ಟೆಯ ಕಿಣ್ವ. ಇವು ಅದಕ್ಕೆ ಅಡ್ಡಗಾಲು ಹಾಕುತ್ತವೆ.

ಫೈಟಿಕ್ ಆಮ್ಲದ ಕಥೆ ಬೇರೆ. ಅದು ವಿಷವಲ್ಲ. ಊಟದಲ್ಲಿನ ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಹಿಡಿದುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ, ಅಷ್ಟೇ. ಅದೂ ಆ ಹೊತ್ತಿನ ತಟ್ಟೆಯಲ್ಲಿರುವುದನ್ನು ಮಾತ್ರ. ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಂಡು ಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ. ಇದು ಬೆಂಕಿಗೆ ಅಷ್ಟಾಗಿ ಬಗ್ಗುವುದಿಲ್ಲ. ಇದಕ್ಕೆ ಬೇಕಾದ್ದು ನೀರು ಮತ್ತು ಹೊತ್ತು. ಸಿಪ್ಪೆಯಲ್ಲಿರುವ ಒಗರಿನ ಟ್ಯಾನಿನ್ ಕೂಡ ಕಬ್ಬಿಣಕ್ಕೆ ಅಡ್ಡಿ. ಕೆಂಪು ರಾಗಿ, ಹುರುಳಿಯಲ್ಲಿ ಇದು ಜಾಸ್ತಿ.

ಹಾಗಂತ ಫೈಟೇಟ್ (ಫೈಟಿಕ್ ಆಮ್ಲ ಬೀಜದಲ್ಲಿ ಇರುವ ರೂಪ), ಟ್ಯಾನಿನ್‌ಗಳನ್ನು ಸೊನ್ನೆಗೆ ಇಳಿಸಬೇಕು ಅಂತಿಲ್ಲ. ರಾಗಿ ತಿಂದಾಗ ರಕ್ತದಲ್ಲಿ ಸಕ್ಕರೆ ನಿಧಾನವಾಗಿ ಏರುವುದಕ್ಕೆ ಸಿಪ್ಪೆಯ ಇಂಥ ಅಂಶಗಳೂ ಒಂದು ಕಾರಣ. ತಟ್ಟೆಯಲ್ಲಿ ತರಕಾರಿ, ಹಣ್ಣು, ಮೊಟ್ಟೆ, ಮಾಂಸ ಇರುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರು ಹೊತ್ತೂ ಮುದ್ದೆ, ರೊಟ್ಟಿ, ಅನ್ನ, ತಿಳಿಸಾರಿನಲ್ಲೇ ಹೊಟ್ಟೆ ತುಂಬಿಸುವವರಿಗೆ, ಅದರಲ್ಲೂ ಬಸುರಿ ಬಾಣಂತಿಯರಿಗೆ, ಪುಟ್ಟ ಮಕ್ಕಳಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಫೈಟೇಟ್ ಒಂದೇ ಇದಕ್ಕೆ ಕಾರಣ ಅಲ್ಲ. ಆದರೆ ಮನೆಯಲ್ಲೇ, ಖರ್ಚಿಲ್ಲದೆ ಸರಿಮಾಡಬಹುದಾದ ಕಾರಣ ಅದು.

ಏನೇನು ಬೇಕು

ಮೊರ, ಜರಡಿ, ಅಗಲವಾದ ಪಾತ್ರೆ, ಒಗೆದ ಹತ್ತಿ ಬಟ್ಟೆ, ಕುಕ್ಕರ್, ನಿಂಬೆಹಣ್ಣು. ಗಡಸಲ್ಲದ ನೀರು. ಮಾರುಕಟ್ಟೆಯಲ್ಲಿ ಬರುವ 'ಡಿಟಾಕ್ಸ್' ಪುಡಿ ಯಾವುದೂ ಬೇಡ.

1. ಆರಿಸಿ

ಈ ಹಂತವನ್ನು ಎಲ್ಲರೂ ಬೇಗ ಮುಗಿಸಿಬಿಡುತ್ತಾರೆ. ನಿಜಕ್ಕೂ ನಿಧಾನ ಬೇಕಾದ್ದು ಇಲ್ಲೇ. ಯಾಕೆಂದರೆ ಮುಂದಿನ ಯಾವ ಹಂತವೂ ಸರಿಮಾಡಲಾಗದ ಒಂದು ತೊಂದರೆ ಇಲ್ಲಿದೆ.

ಶೇಂಗಾಕ್ಕೆ ಬೂಸಲು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಬೀಜದ ಸ್ವಂತದ್ದಲ್ಲ, ಬೂಸಲಿನದು. ಲಿವರ್ ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಮನೆಯಲ್ಲಿ ಹುರಿದರೂ ಕುದಿಸಿದರೂ ಹೋಗುವುದಿಲ್ಲ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ ಬೂಸಲಿಗೆ ಹಬ್ಬ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಈ ಎರಡೂ ಅಪರೂಪವಲ್ಲ.

ಹಾಗಾಗಿ ಸುರುಟಿದ್ದು, ಹಸಿರು ಕಪ್ಪು ಪುಡಿ ಅಂಟಿದ್ದು, ಒಳಗೆ ಹಳದಿ ತಿರುಗಿದ್ದು ಎಲ್ಲ ತೆಗೆದು ಬಿಸಾಡಿ. ಬಾಯಿಗೆ ಹಾಕಿದಾಗ ಕಹಿ ಬಂದರೆ ಉಗಿದುಬಿಡಿ. ಆರಿಸಿ ತೆಗೆದ ಕಾಳನ್ನು 'ಚಟ್ನಿಗಾಗುತ್ತದೆ' ಎಂದು ಹುರಿಯಬೇಡಿ. ಹಸು, ಕೋಳಿಗೂ ಹಾಕಬೇಡಿ. ಗಾಣಕ್ಕೆ ಶೇಂಗಾ ಕೊಡುವವರಿಗೂ ಇದೇ ಮಾತು. ವಿಷದ ಹೆಚ್ಚು ಪಾಲು ಹಿಂಡಿಗೆ ಹೋಗುತ್ತದೆ ನಿಜ, ಆದರೆ ಶುದ್ಧೀಕರಿಸದ ಎಣ್ಣೆಯಲ್ಲೂ ಸ್ವಲ್ಪ ಉಳಿಯುತ್ತದೆ.

ಬೇಳೆ ಆರಿಸುವಾಗ ಕೇಸರಿ ಬೇಳೆಯ ಮೇಲೂ ಕಣ್ಣಿರಲಿ. ಮೂಲೆ ಮೂಲೆಯಾಗಿ, ಕೊಡಲಿಯ ಬಾಯಿಯಂತೆ ಇರುವ ಕಾಳು ಅದು. ತಿಂಗಳುಗಟ್ಟಲೆ ಅದನ್ನೇ ಮುಖ್ಯ ಊಟವಾಗಿ ತಿಂದವರ ಕಾಲಿನ ಸ್ವಾಧೀನ ತಪ್ಪಿದ್ದಿದೆ. 1961ರಲ್ಲೇ ಕೇಂದ್ರ ಸರ್ಕಾರ ಇದರ ಮಾರಾಟಕ್ಕೆ ನಿಷೇಧ ತಂದಿತು. ತೊಗರಿಬೇಳೆ, ಕಡ್ಲೆಹಿಟ್ಟಿಗೆ ಬೆರಕೆಯಾಗುವ ಸಾಧ್ಯತೆ ಇರುವುದರಿಂದ ತೀರಾ ಅಗ್ಗದ ಬೇಳೆಗೆ ಕೈ ಹಾಕದಿರುವುದೇ ಲೇಸು.

2. ನೀರು ನೋಡಿಕೊಳ್ಳಿ

'ಎಷ್ಟು ಕೂಗು ಹಾಕಿಸಿದರೂ ಬೇಳೆ ಬೇಯುವುದಿಲ್ಲ' ಎಂಬ ದೂರಿಗೆ ನಮ್ಮ ಕಡೆ ಅರ್ಧ ಕಾರಣ ಬೋರಿನ ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಪೆಕ್ಟಿನ್ ಜೊತೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಪೆಕ್ಟಿನ್ ಅಂದರೆ ಕಾಳಿನ ಕೋಶಗಳನ್ನು ಅಂಟಿಸಿ ಹಿಡಿದ ವಸ್ತು. ಅದು ಕರಗದಿದ್ದರೆ ಕಾಳು ಬಾಯಿ ಬಿಡುವುದಿಲ್ಲ. ಅರೆಬೆಂದ ಕಾಳೆಂದರೆ ಟ್ರಿಪ್ಸಿನ್ ತಡೆಗಳೂ ಅರ್ಧಂಬರ್ಧ ಉಳಿದಂತೆ.

ನೆನೆಸಲು, ಬೇಯಿಸಲು ಊರಿನ ಶುದ್ಧ ನೀರಿನ ಘಟಕದ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ಅದು ಸಿಗದಿದ್ದರೆ ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿ, ಸಿಪ್ಪೆ ಮೆತ್ತಗಾಗುತ್ತದೆ. ಬೇಯಿಸುವಾಗ ಚಿಟಿಕೆ ಅಡುಗೆ ಸೋಡಾ ಹಾಕುವ ರೂಢಿ ಇದೆ. ಕೆಲಸವೇನೋ ಬೇಗ ಆಗುತ್ತದೆ, ಆದರೆ ಬಿ1 ವಿಟಮಿನ್ ಕಳೆದುಕೊಳ್ಳುತ್ತೀರಿ. ದಿನವೂ ಬೇಡ. ಹುಣಸೆ, ಟೊಮೆಟೊಗಳನ್ನು ಕಾಳು ಬೆಂದ ಮೇಲೆಯೇ ಹಾಕಿ. ಹುಳಿಯೂ ಬೇಯುವುದನ್ನು ತಡೆಯುತ್ತದೆ.

3. ನೆನೆಸಿ, ನೀರು ಚೆಲ್ಲಿ

ತಲೆಬರಹದ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆನೆಸಿದ ನೀರು ಚೆಲ್ಲಿ. ಬೇಯಿಸಿದ ನೀರು ಇಟ್ಟುಕೊಳ್ಳಿ.

ನೆನೆಸಿದ ನೀರಿಗೆ ಇಳಿಯುವುದು ಒಂದಿಷ್ಟು ಫೈಟೇಟ್, ಸಿಪ್ಪೆಯ ಟ್ಯಾನಿನ್, ಮತ್ತೆ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು. ಈ ಸಕ್ಕರೆಗಳನ್ನು ಅರಗಿಸುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಅಲಸಂದೆ, ಕಡಲೆ ತಿಂದ ಮೇಲೆ ಹೊಟ್ಟೆ ಉಬ್ಬರಿಸುವುದು ಇದರಿಂದಲೇ. ನೀರಿನ ಜೊತೆ ಸ್ವಲ್ಪ ಬಿ ವಿಟಮಿನ್ ಹೋಗುವುದೂ ನಿಜ, ಆದರೂ ಚೆಲ್ಲುವುದೇ ಲಾಭ. ಇನ್ನು ಹುರುಳಿ ಬೇಯಿಸಿದ ಕಟ್ಟು ಇದೆಯಲ್ಲ, ಅದರಲ್ಲಿ ಸತ್ವ ಇಳಿದಿರುತ್ತದೆ. ಅದನ್ನು ಚೆಲ್ಲಿದರೆ ಸಾರು ಯಾವುದರಲ್ಲಿ ಮಾಡುತ್ತೀರಿ?

ಎಷ್ಟು ಹೊತ್ತು? ರಾಜ್ಮಾ, ಡಬಲ್ ಬೀನ್ಸ್, ಕಡಲೆ, ಹುರುಳಿ, ಒಣ ಅವರೆ ಇವಕ್ಕೆ ರಾತ್ರಿಯಿಡೀ, 8ರಿಂದ 12 ಗಂಟೆ. ಅಲಸಂದೆ, ಹೆಸರುಕಾಳಿಗೆ 6 ಗಂಟೆ ಸಾಕು. ತೊಗರಿಬೇಳೆ, ಹೆಸರುಬೇಳೆಗಳ ಸಿಪ್ಪೆ ಮೊದಲೇ ಹೋಗಿರುತ್ತದೆ. ಅರ್ಧ ಗಂಟೆ ನೆನೆಸಿ ಎರಡು ಸಲ ತೊಳೆದರೆ ಆಯಿತು. ಅವರೆಯನ್ನು ಹಿತುಕಿ ಸಿಪ್ಪೆ ತೆಗೆಯುವುದು ರುಚಿಗಷ್ಟೇ ಅಲ್ಲ, ಟ್ಯಾನಿನ್ ಬಹುಪಾಲು ಆ ಸಿಪ್ಪೆಯ ಜೊತೆಗೇ ಹೋಗುತ್ತದೆ.

ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ನೊರೆ ಕಟ್ಟಿ ವಾಸನೆ ಬರುತ್ತದೆ. ನಡುವೆ ಒಮ್ಮೆ ನೀರು ಬದಲಿಸಿ. ಅವಸರವಿದ್ದರೆ ಕಾಳನ್ನು ಎರಡು ನಿಮಿಷ ಕುದಿಸಿ, ಒಂದು ಗಂಟೆ ಮುಚ್ಚಿಟ್ಟು, ಆ ನೀರು ಬಸಿದು ಹೊಸ ನೀರಿನಲ್ಲಿ ಬೇಯಿಸಿ. ಗ್ಯಾಸ್ ಕಡಿಮೆಯಾಗುತ್ತದೆ. ಫೈಟೇಟ್ ಮಾತ್ರ ರಾತ್ರಿ ನೆನೆಸಿದಷ್ಟು ಇಳಿಯುವುದಿಲ್ಲ.

4. ಮೊಳಕೆ ಕಟ್ಟಿ, ಎಲ್ಲವನ್ನೂ ಅಲ್ಲ

ನೀರು ತಾಗಿದ ಬೀಜ ಏಳುತ್ತದೆ. ಫೈಟೇಸ್ ಎಂಬ ತನ್ನದೇ ಕಿಣ್ವದಿಂದ ಫೈಟಿಕ್ ಆಮ್ಲ ಒಡೆದು, ಕಟ್ಟಿಟ್ಟ ರಂಜಕ ಬಿಚ್ಚಿಕೊಳ್ಳುತ್ತದೆ. ಜೊತೆಗೇ ಹಿಡಿದಿಟ್ಟ ಕಬ್ಬಿಣ, ಸತು ಕೂಡ ಸಡಿಲವಾಗುತ್ತವೆ. (ದಾವಣಗೆರೆಯ ಮೆಕ್ಕೆಜೋಳದ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತದಲ್ಲ? ಕೋಳಿ ಆಹಾರ ಮಾಡುವವರು ಇದೇ ಫೈಟೇಸ್ ಕಿಣ್ವವನ್ನು ಕೊಂಡು ಬೆರೆಸುತ್ತಾರೆ. ಕೋಳಿಗೆ ಕೊಡುವ ಅನುಕೂಲವನ್ನು ನಾವೂ ತೆಗೆದುಕೊಳ್ಳೋಣ.)

ರಾಗಿಗೆ ಹೀಗೆ ಮಾಡಿ. ಕಲ್ಲು, ಹೊಟ್ಟು ಹೋಗುವಂತೆ ನಾಲ್ಕಾರು ಸಲ ತೊಳೆಯಿರಿ. ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದು ದಿನಕ್ಕೆ ಬಿಳಿ ಮೊಳಕೆ ಕಾಣುತ್ತದೆ. ಚಳಿಗಾಲದಲ್ಲಿ ಎರಡು ದಿನ ಬೇಕಾಗಬಹುದು. ನಂತರ ತೆಳ್ಳಗೆ ಹರವಿ ಗಲಗಲ ಎನ್ನುವಷ್ಟು ಒಣಗಿಸಿ. ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಬೇರು ತೆಗೆಯಿರಿ. ಘಮ ಬರುವಷ್ಟು ಹದವಾಗಿ ಹುರಿದು ಗಿರಣಿಗೆ ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿದರೆ ಅದರಲ್ಲಿ ಹೆಚ್ಚು ಪಾಲು ಮೈಗೆ ಸಿಗುತ್ತದೆ. ಮಕ್ಕಳ ರಾಗಿ ಸರಿಗೆ ಇನ್ನೊಂದು ಲಾಭವೂ ಇದೆ. ಮೊಳಕೆಯ ಕಿಣ್ವಗಳು ಪಿಷ್ಟ ಒಡೆಯುವುದರಿಂದ ಗಂಜಿ ತೆಳ್ಳಗಿರುತ್ತದೆ. ಅಷ್ಟೇ ಗಂಜಿಯಲ್ಲಿ ಜಾಸ್ತಿ ಹಿಟ್ಟು ಹಿಡಿಸುತ್ತದೆ.

ಎಡವುವ ಜಾಗಗಳು ಇವು. ಹುರಿದ ರಾಗಿಯನ್ನು ನೆನೆಸಿ ಪ್ರಯೋಜನವಿಲ್ಲ, ಬಿಸಿಗೆ ಕಿಣ್ವ ಸತ್ತಿರುತ್ತದೆ. ಮೊದಲು ಮೊಳಕೆ, ಕೊನೆಗೆ ಹುರಿಯುವುದು. ಪೂರ್ತಿ ಒಣಗದೆ ಡಬ್ಬಕ್ಕೆ ತುಂಬಿದರೆ ಬೂಸಲು ಬಂದು ಮೊದಲಿಗಿಂತ ಕೆಟ್ಟ ಹಿಟ್ಟಾಗುತ್ತದೆ. ಮೊಳಕೆ ಕಟ್ಟುವ ಬೆಚ್ಚನೆ ತೇವ ಬ್ಯಾಕ್ಟೀರಿಯಾಗಳಿಗೂ ಇಷ್ಟ. ಹೆಸರುಕಾಳಿನ ಮೊಳಕೆಯನ್ನು ಬಸುರಿಯರು, ಮಕ್ಕಳು, ವಯಸ್ಸಾದವರು ಹಸಿಯಾಗಿ ತಿನ್ನುವುದು ಬೇಡ, ಹಬೆಯಲ್ಲಿ ಬೇಯಿಸಿ ತಿನ್ನಲಿ.

ಎಲ್ಲಕ್ಕಿಂತ ಮುಖ್ಯ, ಜೋಳದ ಮೊಳಕೆ. ಜೋಳದ ಕಾಳಿನಲ್ಲಿ ತೊಂದರೆ ಇಲ್ಲ. ಆದರೆ ಮೊಳೆಯುತ್ತಿದ್ದಂತೆ ಎಳೆ ಚಿಗುರಿನಲ್ಲಿ ಧುರಿನ್ ಎಂಬ ವಸ್ತು ತುಂಬಿಕೊಳ್ಳುತ್ತದೆ. ಅದು ಒಡೆದರೆ ಸಯನೈಡ್. ಮಳೆ ಇಲ್ಲದೆ ಬಾಡಿದ ಎಳೆ ಜೋಳದ ಪೈರು ಮೇಯ್ದು ದನ ಬೀಳುವುದನ್ನು ನಮ್ಮ ರೈತರು ಬಲ್ಲರು. ಕಾರಣ ಇದೇ. 'ಸಿರಿಧಾನ್ಯದ ಮೊಳಕೆ ಸಲಾಡ್' ಎಂದು ಜೋಳದ ಚಿಗುರು ಹಸಿಯಾಗಿ ತಿನ್ನಲು ಹೋಗಬೇಡಿ. ರಾಜ್ಮಾ ಮೊಳಕೆಯೂ ಹಸಿಯಾಗಿ ಬೇಡವೇ ಬೇಡ, ಅದರ ಲೆಕ್ಟಿನ್ ಅಲ್ಲೇ ಇರುತ್ತದೆ.

5. ಹುಳಿ ಹಿಡಿಸಿ

ಹಿಟ್ಟು ಹುಳಿಯಾದರೆ ಫೈಟೇಸ್ ಇನ್ನೂ ಚುರುಕಾಗುತ್ತದೆ. ದೋಸೆ, ಇಡ್ಲಿ ಹಿಟ್ಟಿನಲ್ಲಿ ಇದು ತಾನಾಗೇ ಆಗುತ್ತದೆ. ಬೆಣ್ಣೆದೋಸೆ ಹಿಟ್ಟಿನಲ್ಲಿ ಅಕ್ಕಿ, ಮಂಡಕ್ಕಿಗಳದೇ ಮೇಲುಗೈ. ಪಾಲಿಶ್ ಅಕ್ಕಿಯಲ್ಲಿ ಫೈಟೇಟ್ ಮೊದಲೇ ಕಡಿಮೆ, ಲಾಭವೆಲ್ಲ ಉದ್ದಿನಬೇಳೆಗೆ.

ಅಂಬಲಿ ಮಾಡುವವರು ಮಾತ್ರ ಸ್ವಲ್ಪ ಕ್ರಮ ಬದಲಿಸಿ. ಕುದಿಸಿ ಆರಿಸಿ ರಾತ್ರಿ ಹುಳಿಸುವುದಕ್ಕಿಂತ, ಹಸಿ ರಾಗಿಹಿಟ್ಟನ್ನೇ ನೀರಿನಲ್ಲಿ ಕಲಸಿ, ಒಂದು ಚಮಚ ಮಜ್ಜಿಗೆ ಬೆರೆಸಿ ರಾತ್ರಿ ಇಡಿ. ಬೆಳಿಗ್ಗೆ ಕುದಿಸಿ. ಕುದಿಸಿದ ಮೇಲೆ ಕಿಣ್ವವೇ ಇರುವುದಿಲ್ಲ, ರಾತ್ರಿಯೆಲ್ಲ ಕೆಲಸ ಮಾಡುವವರು ಯಾರು?

6. ಚೆನ್ನಾಗಿ ಬೇಯಿಸಿ

ರಾಜ್ಮಾ ವಿಷಯದಲ್ಲಿ ರಾಜಿ ಬೇಡ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಕರಿಕೆ, ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಅರೆಬೆಂದದ್ದು ಹಸಿಗಿಂತಲೂ ಕೆಟ್ಟದ್ದು. 80 ಡಿಗ್ರಿಯಷ್ಟು ಕಾವಿನಲ್ಲಿ ನಿಧಾನವಾಗಿ ಬೆಂದ ರಾಜ್ಮಾ ಹಸಿ ಕಾಳಿಗಿಂತ ಹೆಚ್ಚು ವಿಷಕಾರಿಯಾಗಬಹುದು. ಆದ್ದರಿಂದ ಮೆಲ್ಲಗೆ ಬೇಯಿಸುವ ಸ್ಲೋ ಕುಕ್ಕರ್, ಬಿಸಿನೀರು ತುಂಬಿದ ಥರ್ಮಸ್ ಪಾತ್ರೆ ಇದಕ್ಕೆ ಬೇಡ. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ಮೇಲೆ. ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಾದರೆ ಮಳ್ಳುವ ನೀರಿನಲ್ಲಿ ಅರ್ಧ ಗಂಟೆ ಕುದಿಯಲಿ. ಕುಕ್ಕರ್ ಇದ್ದರೆ ಚಿಂತೆಯೇ ಇಲ್ಲ, ಅದರೊಳಗಿನ ಕಾವು 115 ಡಿಗ್ರಿ ದಾಟುತ್ತದೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಹಿಸುಕಬೇಕು.

ಡಬಲ್ ಬೀನ್ಸ್ ಮತ್ತು ಕಪ್ಪು ಒಣ ಅವರೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನೆನೆಸಿದ ನೀರು ಚೆಲ್ಲಿ, ಮೊದಲ ಹತ್ತು ನಿಮಿಷ ಮುಚ್ಚಳ ತೆಗೆದು ಕುದಿಸಿದರೆ ಅದು ಹಬೆಯ ಜೊತೆ ಹಾರಿಹೋಗುತ್ತದೆ. ಆಮೇಲೆ ಕುಕ್ಕರಿಗೆ ಹಾಕಿ.

ಗೋಧಿ ಜೊತೆ ಹಸಿ ಸೋಯಾ ಸೇರಿಸಿ ಬೀಸಿಸುವವರು ಗಮನಿಸಿ. ಎರಡು ನಿಮಿಷಕ್ಕೆ ಸುಟ್ಟು ತೆಗೆಯುವ ಚಪಾತಿಯ ಕಾವನ್ನು ನೆಚ್ಚಿಕೊಳ್ಳಬೇಡಿ. ಸೋಯಾವನ್ನು ನೆನೆಸಿ, 20 ನಿಮಿಷ ಕುದಿಸಿ, ಒಣಗಿಸಿ, ಹುರಿದು ಆಮೇಲೆ ಗಿರಣಿಗೆ ಕೊಡಿ.

ಬೇಳೆ ಕುದಿಯುವಾಗ ಮೇಲೆ ಬರುವ ನೊರೆಯಲ್ಲಿ ಪ್ರೋಟೀನ್, ಪಿಷ್ಟದ ಜೊತೆ ಸ್ವಲ್ಪ ಸಪೋನಿನ್ ಇರುತ್ತದೆ. ಸಪೋನಿನ್ ಅಂದರೆ ಸೀಗೆ, ಅಂಟುವಾಳದಲ್ಲಿ ನೊರೆ ಬರಿಸುವ ವಸ್ತುವಿನ ಬಳಗ. ತೆಗೆದರೂ ಸರಿ, ಬಿಟ್ಟರೂ ಸರಿ. ಕುಕ್ಕರಿನ ಸೀಟಿ ಕಟ್ಟಿಕೊಳ್ಳದಿದ್ದರೆ ಸಾಕು.

7. ಹುರಿಯಬೇಕಾದ ಬೀಜಗಳು

ಅಗಸೆ ಚಟ್ನಿಪುಡಿ ಬಿಡಬೇಡಿ. ಅಗಸೆಯಲ್ಲಿ ಸಯನೈಡ್ ಬಿಡಬಲ್ಲ ಅಂಶ ಇರುವುದು ನಿಜ. ಹಸಿ ಬೀಜವನ್ನು ಪುಡಿ ಮಾಡಿ ನೀರು ತಾಗಿಸಿದಾಗ ಅದು ಬಿಡುಗಡೆಯಾಗುತ್ತದೆ. ನಾವು ಚಟಪಟ ಎನ್ನುವಂತೆ ಹುರಿದು ಕುಟ್ಟುತ್ತೇವೆ, ಅದರಿಂದ ಕಡಿಮೆಯಾಗುತ್ತದೆ. ದಿನಕ್ಕೆ ಒಂದೆರಡು ಚಮಚಕ್ಕೆ ಭಯವೇ ಬೇಡ. ಹಸಿ ಅಗಸೆ ಪುಡಿಯನ್ನು ಲೋಟಗಟ್ಟಲೆ ಸ್ಮೂದಿಗೆ ಹಾಕಿ ಕುಡಿಯುವ ಹೊಸ ಚಾಳಿ ಮಾತ್ರ ಬೇಡ, ಮಕ್ಕಳಿಗಂತೂ ಕೊಡಲೇಬೇಡಿ. ಇಡೀ ಬೀಜ ನುಂಗಿದರೆ ಅರಗದೆ ಹಾಗೇ ಹೋಗುತ್ತದೆ, ಕುಟ್ಟಲೇಬೇಕು. ಕುಟ್ಟಿದ್ದು ಬೇಗ ಕಮಟುತ್ತದೆ. ವಾರಕ್ಕಾಗುವಷ್ಟೇ ಮಾಡಿ.

ಸಿಪ್ಪೆ ಇರುವ ಎಳ್ಳಿನಲ್ಲಿ ಕ್ಯಾಲ್ಸಿಯಂ ರಾಶಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆ ಕ್ಯಾಲ್ಸಿಯಂನ ದೊಡ್ಡ ಪಾಲು ಸಿಪ್ಪೆಯಲ್ಲಿ ಆಕ್ಸಲೇಟ್ ಎಂಬ ಅಂಶದ ಜೊತೆ ಕಟ್ಟಿಕೊಂಡಿರುತ್ತದೆ, ಮೈಗೆ ಹತ್ತುವುದು ಕಡಿಮೆ. ಹುರಿದರೂ ಆಕ್ಸಲೇಟ್ ಹೋಗುವುದಿಲ್ಲ. ರುಚಿಗೆ ತಿನ್ನಿ, ಕ್ಯಾಲ್ಸಿಯಂಗೆ ಅದನ್ನೇ ನಂಬಿ ಕೂರಬೇಡಿ.

ಹುಣಸೆಬೀಜ ಹುರಿದು ತಿನ್ನುವ ಮಕ್ಕಳಿಗೆ ಕಪ್ಪು ಸಿಪ್ಪೆ ಪೂರ್ತಿ ತೆಗೆದು ಕೊಡಿ. ಒಗರೆಲ್ಲ ಅದರಲ್ಲೇ ಇರುವುದು.

8. ತಟ್ಟೆಯಲ್ಲಿ ಸರಿಮಾಡಿ

ನೆನೆಸಲು ಮರೆತಿರಾ? ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಸಿ ವಿಟಮಿನ್ ಫೈಟೇಟ್ ನಡುವೆಯೂ ಕಬ್ಬಿಣ ಹೀರಲು ನೆರವಾಗುತ್ತದೆ. ಸೀಬೆ, ನೆಲ್ಲಿಕಾಯಿ ಆದರೂ ಸರಿ. ಈರುಳ್ಳಿ, ಬೆಳ್ಳುಳ್ಳಿ ಬೆರೆಸಿದರೆ ಕಾಳು, ಧಾನ್ಯಗಳ ಕಬ್ಬಿಣ ಮತ್ತು ಸತು ಹೆಚ್ಚು ಬಿಡುಗಡೆಯಾಗುತ್ತವೆ ಎಂದು ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು 2010ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ರೊಟ್ಟಿ ಜೊತೆ ಹಸಿ ಈರುಳ್ಳಿ ಕಡಿಯುವವರಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ.

ಊಟದ ಬೆನ್ನಿಗೇ ಚಹಾ ಕುಡಿಯಬೇಡಿ, ಒಂದು ಗಂಟೆ ಬಿಡಿ. ಚಹಾದ ಟ್ಯಾನಿನ್ ಕಬ್ಬಿಣಕ್ಕೆ ನೇರ ಅಡ್ಡಿ. ಸಂಜೆ ಮಂಡಕ್ಕಿ ಮಿರ್ಚಿ ಜೊತೆಗಿನ ಚಹಾಕ್ಕೆ ಯಾರೂ ಅಡ್ಡಿ ಮಾಡುತ್ತಿಲ್ಲ.

ಕೆಲವರಿಗೆ ಬೇರೆ ಲೆಕ್ಕ

ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆದವರು ಎಳ್ಳು, ಶೇಂಗಾ, ಬಾದಾಮಿಗಳ ಅಳತೆಯನ್ನು ವೈದ್ಯರನ್ನು ಕೇಳಿ ಇಟ್ಟುಕೊಳ್ಳಿ. ಸಜ್ಜೆಯಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರುವ ಅಂಶವಿದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಯೋಡಿನ್ ಉಪ್ಪು ಬಳಸುತ್ತ, ಆಗಾಗ ಸಜ್ಜೆ ರೊಟ್ಟಿ ತಿನ್ನುವವರಿಗೆ ಚಿಂತೆಯಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ದಿನವೂ ಅದನ್ನೇ ಊಟ ಮಾಡಿಕೊಳ್ಳುವುದು ಬೇಡ.

ಯಾವ ಹದಕ್ಕೂ ಬಗ್ಗದ ಬೀಜಗಳು

ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷ ಇದೆ. ನಾಲ್ಕು ಹೊಟ್ಟೆಯ ಹಸು, ಎಮ್ಮೆ ಹದವಾಗಿ ತಿಂದರೆ ತಾಳಿಕೊಳ್ಳುತ್ತವೆ. ಹಟ್ಟಿಯಲ್ಲಿರುವ ಮೂಟೆ ಅಲ್ಲೇ ಇರಲಿ, ಅಡುಗೆಮನೆಗೆ ತರಬೇಡಿ.

ಹರಳು, ಕಾಡುಹರಳು, ಗುಲಗಂಜಿ ಈ ಮೂರನ್ನು ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಕಾಡುಹರಳಿನ ಬೀಜ ಶೇಂಗಾದ ಹಾಗೆ ರುಚಿಯಾಗಿರುತ್ತದೆ. ಬೇಲಿಯಲ್ಲಿ ಸಿಕ್ಕಿದ್ದನ್ನು ಮಕ್ಕಳು ಹಂಚಿಕೊಂಡು ತಿನ್ನುವುದು ಅದಕ್ಕೇ. ಹರಳೆಣ್ಣೆಯಲ್ಲಿ ವಿಷವಿಲ್ಲ, ಅಗಿದ ಹರಳು ಬೀಜದಲ್ಲಿದೆ. ಮಗು ಇವುಗಳಲ್ಲಿ ಯಾವುದನ್ನಾದರೂ ಅಗಿದು ನುಂಗಿದ್ದು ಗೊತ್ತಾದರೆ ವಾಂತಿಗಾಗಿ ಕಾಯಬೇಡಿ. ತೊಂದರೆ ಗಂಟೆಗಟ್ಟಲೆ ತಡವಾಗಿ ಕಾಣಿಸಿಕೊಳ್ಳಬಹುದು. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಲೂ ಹೋಗಬೇಡಿ. ಉಳಿದ ಬೀಜ, ಸಿಪ್ಪೆಯನ್ನು ಚೀಟಿಯಲ್ಲಿ ಕಟ್ಟಿಕೊಂಡು ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನು ವೈದ್ಯರಿಗೆ ಹೇಳಿ. ಜೊತೆಯಲ್ಲಿ ಆಡುತ್ತಿದ್ದ ಬೇರೆ ಮಕ್ಕಳನ್ನೂ ಕೇಳಿ, ಅವರೂ ತಿಂದಿರಬಹುದು.